ಮುಖ ಮುಚ್ಚಿದವಳು

ನನ್ನ ಅತ್ತೆ ಮುಖದಿಂದ ಮಾತಾಡುತ್ತಿದ್ದರು. ಇದು ಹೊಗಳಿಕೆಯ ಮಾತಲ್ಲ, ಅವರ ಕಸುಬು ಕಲಿಸಿದ ಅಭ್ಯಾಸ. ಹರೆಯದಲ್ಲಿ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿಗೆ ಸೇರಿದವರು ಗಿರಣಿ ಮುಚ್ಚುವ ತನಕ ಅಲ್ಲೇ ನಿಂತು ದುಡಿದರು. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿಯುವ ಆ ಜಾಗದಲ್ಲಿ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಶೆಡ್ಡಿನವರು ದನಿಯನ್ನೇ ಕೈಬಿಟ್ಟು ತುಟಿ, ಹುಬ್ಬು, ಕೆನ್ನೆಗಳಲ್ಲಿ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ಹುಬ್ಬೇರಿಸಿದರೆ ಎಳೆ ಕಡಿದಿದೆ ಎಂದು. ಕೆನ್ನೆ ಉಬ್ಬಿಸಿದರೆ ದಪ್ಪ ಮೇಸ್ತ್ರಿ ಈ ಕಡೆಗೇ ಬರುತ್ತಿದ್ದಾನೆ ಎಂದು. ಉಳಿದ ಮಾತೆಲ್ಲ ತುಟಿಯಲ್ಲಿ. ಅತ್ತೆಯ ತುಟಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಅವರಿಗೆ ಅಲ್ಲಿ ‘ಗಿಳಿ’ ಎಂದೇ ಹೆಸರು.

ಮಾವನೂ ಅದೇ ಶೆಡ್ಡಿನ ನೇಕಾರ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಗಿರಣಿ ಮುಚ್ಚಿ ಗೋದಾಮಾಗಿತ್ತು. ಮಾವನ ಎರಡೂ ಕಿವಿ ಪೂರ್ತಿ ಹೋಗಿದ್ದವು, ಅತ್ತೆಯವು ಅರ್ಧಂಬರ್ಧ. ಗಿರಣಿಯ ಹಿಂಬದಿಯ ಓಣಿಯಲ್ಲಿ ಎರಡನೇ ಮಹಡಿಯ ಮೂರು ಕೋಣೆಯ ಮನೆ. ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡುತ್ತ ಬೆಳೆದ ನನಗೆ ಆ ಮನೆಯ ಮೌನ ಮೊದಮೊದಲು ಹೆದರಿಕೆ ಹುಟ್ಟಿಸಿತ್ತು. ಆಮೇಲೆ ತಿಳಿಯಿತು, ಅದು ಮೌನವೇ ಅಲ್ಲ. ಊಟಕ್ಕೆ ಕೂತಾಗ ನನ್ನ ಗಂಡ ಇದ್ದಕ್ಕಿದ್ದಂತೆ ನಕ್ಕು ತುತ್ತನ್ನು ನೆತ್ತಿಗೇರಿಸಿಕೊಂಡರೆ, ಅತ್ತೆ ಕೆಳಗಿನ ಮನೆಯವಳ ಒಯ್ಯಾರದ ಬಗ್ಗೆ ತುಟಿಯಲ್ಲೇ ಏನೋ ಅಂದಿದ್ದಾರೆ ಎಂದರ್ಥ. ಮಾವ ಅದಕ್ಕೊಂದು ಒಗ್ಗರಣೆ ಹಾಕಿರುತ್ತಿದ್ದರು. ಜಗಳ, ಸಮಾಧಾನ, ಚಾಡಿ ಎಲ್ಲವೂ ತಟ್ಟೆಯ ಸದ್ದಿನ ಮೇಲೆ, ದನಿಯಿಲ್ಲದೆ ನಡೆಯುತ್ತಿದ್ದವು.

ನನ್ನೊಬ್ಬಳಿಗಾಗಿ ಅತ್ತೆ ದನಿ ತೆಗೆಯುತ್ತಿದ್ದರು. “ನೀನು ಮೆಲ್ಲಗೆ ಮಾತಾಡು ತಾಯಿ. ಹಾಳಾದ ಕಿವಿಗೂ ನೋವಾಗೋ ಹಾಗೆ ಕಿರುಚ್ತೀಯಲ್ಲ!” ಎನ್ನುತ್ತಿದ್ದರು.

ಆ ಭಾಷೆಯಲ್ಲಿ ಜಗಳಕ್ಕೂ ಒಂದು ಕಟ್ಟುನಿಟ್ಟಿತ್ತು. ಬೈದರೆ ಕೇಳದ ಜಾಗದಲ್ಲಿ ಬೈದು ಏನು ಫಲ? ಹಾಗಾಗಿ ನಿಜವಾಗಿ ಮುನಿದವಳು ಎದುರಾಳಿಯ ಮುಂದೆ ನಿಂತು, ತನ್ನ ಮುಖದ ಮೇಲಿನ ಎಲ್ಲ ಚಲನೆಯನ್ನೂ ಒರೆಸಿಹಾಕಿ, ಗೋಡೆ ನೋಡುವಂತೆ ಅವಳನ್ನು ನೋಡುತ್ತಿದ್ದಳು. ಇದಕ್ಕೆ ‘ಮುಖ ಮುಚ್ಚುವುದು’ ಎನ್ನುತ್ತಿದ್ದರು. ಅಲ್ಲಿಗೆ ಸಂಬಂಧ ಕಡಿದ ಹಾಗೆ. ಮುಚ್ಚಿಸಿಕೊಂಡವಳು ಎಷ್ಟು ಗೋಗರೆದರೂ ಅದು ತೆರೆಯುವಂತಿಲ್ಲ. ಮುಚ್ಚಿದವಳೇ ಎದುರು ಬಂದು ಮೊದಲು ನಗಬೇಕು, ಮಾತು ಆಮೇಲೆ. ನಗದೆ ಆಡಿದ ಮಾತಿಗೆ ಬೆಲೆಯಿಲ್ಲ.

ಅತ್ತೆಯ ಮುಖ ಮುಚ್ಚತೊಡಗಿದ್ದು ಯಾವಾಗ ಎಂದು ಗುರುತು ಹಾಕಿ ಹೇಳಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಮೊದಲು ಹಾಲು ಸೀದರೂ ಅವರಿಗೆ ವಾಸನೆ ಹತ್ತಲಿಲ್ಲ. ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯತೊಡಗಿತು. ನಡೆಯುವಾಗ ಎಡಗೈ ಬೀಸದೆ, ಯಾರದ್ದೋ ಕೈಯನ್ನು ತಂದು ಅಂಟಿಸಿದ ಹಾಗೆ ಪಕ್ಕದಲ್ಲಿ ಜೋತುಬಿದ್ದಿರುತ್ತಿತ್ತು. ವಯಸ್ಸಾಯಿತು ಎಂದುಕೊಂಡೆವು. ಆಮೇಲೆ ತುಟಿ ನಿಂತಿತು. ಹುಬ್ಬು ನಿಂತಿತು. ಊಟಕ್ಕೆ ಕೂತಾಗ ಅವರು ತಟ್ಟೆಯಾಚೆ ಮಾವನನ್ನು ನೋಡುತ್ತಿದ್ದರು, ಮುಖದಲ್ಲಿ ಏನೂ ಇರುತ್ತಿರಲಿಲ್ಲ.

ಬೇರೆ ಮನೆಯಾಗಿದ್ದರೆ “ಯಾಕೆ ಹೀಗಿದ್ದೀರಿ, ಮೈಗೆ ಹುಷಾರಿಲ್ವಾ?” ಎಂದು ಕೇಳುತ್ತಿದ್ದರೇನೋ. ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅವರಿಗೆಲ್ಲ ಆ ಮುಖ ಅಕ್ಷರ ಬಿಡಿಸಿ ಬರೆದಷ್ಟು ಸ್ಪಷ್ಟವಾಗಿತ್ತು.

“ಅಮ್ಮ ಅಪ್ಪನಿಗೆ ಮುಖ ಮುಚ್ಚಿದಾಳೆ,” ಎಂದರು ನನ್ನ ಗಂಡ.

“ಯಾಕಂತೆ?”

“ನನಗೇನು ಗೊತ್ತು? ಗಂಡ ಹೆಂಡಿರ ವಿಷಯ. ನೀನು ನಡುವೆ ಹೋಗಿ ಮೂಗು ತೂರಿಸ್ಬೇಡ.”

“ನನ್ನ ಜೊತೆಗೂ ಹಾಗೇ ಇದ್ದಾರಲ್ಲ.”

“ನೀನೂ ಏನೋ ಮಾಡಿರ್ತೀಯ.”

ಮಾವ ಕಳ್ಳಬೆಕ್ಕಿನಂತೆ ಓಡಾಡತೊಡಗಿದರು. ಜನ್ಮದಲ್ಲಿ ಪೊರಕೆ ಮುಟ್ಟದವರು ಮನೆ ಗುಡಿಸಿದರು. ಪೇಟೆಗೆ ಹೋಗಿ ಅತ್ತೆಗೆ ಉಣ್ಣೆಯ ಶಾಲು ತಂದು ಮಡಿಲಲ್ಲಿಟ್ಟು, ಮುಖ ನೋಡಿದರು. ಅತ್ತೆ ಶಾಲನ್ನು ಮುಟ್ಟಿ ನೋಡಿ, ಮೆಲ್ಲಗೆ ಏನೋ ಅಂದರು. ‘ಚೆನ್ನಾಗಿದೆ’ ಎಂದದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಕಿವುಡರಾದ ಮಾವ ನೋಡಿದ್ದು ಮುಖವನ್ನು ಮಾತ್ರ. ತಲೆ ತಗ್ಗಿಸಿಕೊಂಡು ಎದ್ದುಹೋದರು. ಮುಚ್ಚಿದ ಮುಖವನ್ನು ದಿಟ್ಟಿಸಿ ನೋಡುವುದು ಮಾನಗೇಡಿತನ ಎಂಬುದು ಶೆಡ್ಡಿನವರ ನಡಾವಳಿಯಾದ್ದರಿಂದ ಅವರು ಅತ್ತೆಯತ್ತ ನೋಡುವುದನ್ನೇ ಬಿಟ್ಟರು. ಮಗನೂ ಬಿಟ್ಟರು. ಆ ಮನೆಯಲ್ಲಿ ಯಾರೂ ನಿಮ್ಮತ್ತ ನೋಡದಿದ್ದರೆ ನಿಮ್ಮೊಂದಿಗೆ ಯಾರೂ ಮಾತಾಡುತ್ತಿಲ್ಲ ಎಂದೇ ಲೆಕ್ಕ. ನನ್ನ ದನಿಯೊಂದನ್ನು ಬಿಟ್ಟರೆ ಅತ್ತೆಗೆ ಇಡೀ ದಿನ ಇನ್ನೊಂದು ಮಾತು ಸಿಗುತ್ತಿರಲಿಲ್ಲ. ನಾನೂ ಶಾಲೆಗೆ ಪಾಠ ಹೇಳಲು ಹೋದರೆ ಸಂಜೆಗೇ ಬರುತ್ತಿದ್ದುದು.

ಒಂದು ದಿನ ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು ನನ್ನನ್ನು ಕರೆದರು. ದನಿ ಎಷ್ಟು ಸಣ್ಣಗಾಗಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು.

“ನಾನೇನು ತಪ್ಪು ಮಾಡಿದೆ ಅಂತ ಇವರೆಲ್ಲ ನನ್ನ ಬಿಟ್ಟಿದಾರೆ ಕಣೆ?”

“ನೀವೇ ಸಿಟ್ಟಾಗಿದ್ದೀರಿ ಅಂತಾರೆ ಅತ್ತೆ.”

“ನಾನಾ? ಸಿಟ್ಟಾಗೋಕೂ ಜೀವ ಬೇಡ್ವಾ?” ಎಂದರು. “ಬೆಳಿಗ್ಗೆ ಕಣ್ಣು ಬಿಟ್ಟರೆ, ಯಾಕಪ್ಪಾ ಬಿಟ್ಟೆ ಅನ್ಸುತ್ತೆ. ಏನೂ ಬೇಡ. ಊಟ ಬೇಡ, ಜನ ಬೇಡ. ಅಳು ಬಂದರೂ ಒಂದು ನೆಮ್ಮದಿ ಇರ್ತಿತ್ತು. ಅದೂ ಬರಲ್ಲ.”

ಡಾಕ್ಟರ ಹತ್ತಿರ ಹೋಗೋಣ ಎಂದೆ. ಮನಸ್ಸಿಗೆ ಬೇಸರವಾದರೆ ಡಾಕ್ಟರೇನು ಸೂಜಿ ಚುಚ್ಚುತ್ತಾನಾ ಎಂದು ತಳ್ಳಿಹಾಕಿದರು.

ಆ ವಾರವೇ ಮಾವ ಬಾಯಿಬಿಟ್ಟರು. ರಜೆಯ ದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ನಡುಕೋಣೆಯಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಮುಖ ಮುಚ್ಚಿದವರ ಮುಂದೆ ತುಟಿ ಅಲ್ಲಾಡಿಸಿ ಪ್ರಯೋಜನವಿಲ್ಲ, ದನಿಯೇ ಬೇಕು. ಮಾವ ದನಿ ತೆಗೆದರು. ತಮ್ಮ ದನಿ ತಮಗೇ ಕೇಳದೆ ಎಷ್ಟೋ ವರ್ಷಗಳಾಗಿದ್ದ ಮನುಷ್ಯ. ಗುಟ್ಟಾಗಿ ಹೇಳುತ್ತಿದ್ದೇನೆ ಎಂದು ಅವರು ಅಂದುಕೊಂಡದ್ದು ಓಣಿಯ ಆ ತುದಿಗೂ ಕೇಳಿಸಿತು.

“ನಿನಗೆ ಗೊತ್ತಾಗಿದೆ ಅಂತ ನನಗೆ ಗೊತ್ತು! ಯಾರು ಹೇಳಿದರೋ ಬಿಡು! ಹೌದು, ನಾನೇ ಬೇಡ ಅಂದದ್ದು! ಎಳೆ ಪೋಣಿಸೋ ಕೋಣೆಗೆ ಮೇಸ್ತ್ರಿ ನಿನ್ನನ್ನೇ ಕೇಳಿದ್ದ. ನನ್ನ ಕರೆದು ಕೇಳಿದ್ದ. ನನ್ನ ಹೆಂಡತಿಗೆ ಇಷ್ಟ ಇಲ್ಲ ಅಂದೆ!”

ನಾನು ಸೌಟು ಹಿಡಿದು ಬಾಗಿಲಿಗೆ ಬಂದೆ. ಮಾವ ನೆಲ ನೋಡಿಕೊಂಡು ಕೂಗುತ್ತಲೇ ಇದ್ದರು.

“ಹೆಂಡತಿ ಕುರ್ಚಿ ಮೇಲೆ ಕೂತಿದಾಳೆ, ಗಂಡ ಮಗ್ಗದ ಮುಂದೆ ನಿಂತಿದಾನೆ ಅಂತ ಗಂಡಸರೆಲ್ಲ ನಗ್ತಾರೆ ಅನ್ಸಿತು! ಅವಳು ಮೇಸ್ತ್ರಿ ಮನೆಗೆ ಹೋಗಿ ಕಾಲು ಹಿಡಿದು ಕಿತ್ಕೊಂಡಳು ಅಂತ ನಿನಗೆ ಹೇಳಿದವನೂ ನಾನೇ! ಅವಳು ಎಲ್ಲಿಗೂ ಹೋಗಿರಲಿಲ್ಲ! ಅವಳಿಗೆ ಏನೂ ಗೊತ್ತಿರಲಿಲ್ಲ! ಈಗ ಮುಖ ತೆರಿ, ನನ್ನ ಕೈಲಿ ತಡೆಯೋಕಾಗಲ್ಲ!”

ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಕೈಯಲ್ಲಿದ್ದ ಟವೆಲನ್ನು ಮಡಿಸಿ ಮುಗಿಸಿದರು. ಮಾವ ತಲೆಯೆತ್ತಿ ನೋಡಿ, ತೀರ್ಪು ಕೇಳಿದವರಂತೆ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋದರು.

“ನನಗೆ ಗೊತ್ತೇ ಇರಲಿಲ್ಲ,” ಎಂದರು ಅತ್ತೆ.

‘ಅವಳು’ ಎಂದರೆ ಅತ್ತೆಯ ಮಗ್ಗದ ಪಕ್ಕದ ಮಗ್ಗದವಳು. ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಂಡವರು. ನನ್ನ ಗಂಡ ಹುಟ್ಟುವ ಮುಂಚೆ ಅತ್ತೆಗೆ ತಲೆಸುತ್ತು ಬಂದರೆ ಅವರ ಮಗ್ಗಗಳನ್ನೂ ತಾನೇ ನೋಡಿಕೊಂಡು ಮೇಸ್ತ್ರಿಗೆ ಕಾಣದಂತೆ ಕಾಪಾಡಿದವಳು. ಆಗ ಎಳೆ ಪೋಣಿಸುವ ಕೋಣೆಯಲ್ಲಿ ಒಂದು ಜಾಗ ತೆರವಾಯಿತು. ಮಗ್ಗಕ್ಕೆ ಏರುವ ಮುಂಚೆ ಒಂದೊಂದು ಎಳೆಯನ್ನೂ ಸಣ್ಣ ಕೊಕ್ಕೆಯಿಂದ ಅದರದರ ತಂತಿಯ ಕಣ್ಣಿಗೆ ಪೋಣಿಸುವ ಕೋಣೆ ಅದು. ಸದ್ದಿಲ್ಲ, ಹತ್ತಿಯ ಧೂಳಿಲ್ಲ, ಕೂತು ಮಾಡುವ ಕೆಲಸ. ಅತ್ತೆಗೆ ಆಗಲೇ ಕೆಮ್ಮು ಹಿಡಿದಿತ್ತು. ಜಾಗ ಅತ್ತೆಗೇ ಎಂದು ಇಡೀ ಶೆಡ್ಡೇ ತುಟಿಯಲ್ಲಿ ಹೇಳುತ್ತಿತ್ತಂತೆ. ಸಿಕ್ಕಿದ್ದು ಗೆಳತಿಗೆ. ಅಂದಿನಿಂದ ಆಕೆಯ ಹೆಸರು ‘ಕೊಕ್ಕೆ’ ಎಂದಾಯಿತು. ಅತ್ತೆ ಗಂಡನ ಮಾತು ನಂಬಿ, ಕೋಣೆಯ ಬಾಗಿಲಿಗೇ ಹೋಗಿ, ಎಲ್ಲರೂ ನೋಡುವಂತೆ ಕೊಕ್ಕೆಗೆ ಮುಖ ಮುಚ್ಚಿ ಬಂದರು. ಆಮೇಲೆ ಕೊಕ್ಕೆ ಒಮ್ಮೆ ನಲ್ಲಿಯ ಹತ್ತಿರ ಅಡ್ಡನಿಂತು “ನನ್ನ ತಪ್ಪೇನು ಹೇಳು ಗಿಳಿ” ಎಂದಳಂತೆ. ಇವರು ಕೊಡ ಎತ್ತಿಕೊಂಡು ಹೊರಟುಬಂದಿದ್ದರು. ಗಿರಣಿ ಮುಚ್ಚಿದ ಕೊನೆಯ ದಿನ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿ ಅತ್ತರೂ ಅವರಿಬ್ಬರು ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದರು.

“ಅಷ್ಟು ವರ್ಷ ನಾನು ಕೆಮ್ಮಿಕೊಂಡು ನಿಂತದ್ದು ಹೋಗಲಿ,” ಎಂದರು ಅತ್ತೆ. “ಬದುಕಿದ್ದವಳನ್ನ ನನ್ನ ಪಾಲಿಗೆ ಸಾಯಿಸಿಬಿಟ್ಟೆನಲ್ಲೇ.”

ಆಸ್ಪತ್ರೆಗೆ ಹೋದದ್ದು ಅವರು ಬಚ್ಚಲಿನಲ್ಲಿ ಬಿದ್ದ ಮೇಲೆ. ಮೂಳೆ ಮುರಿದಿರಲಿಲ್ಲ. ಆದರೆ ಡಾಕ್ಟರಮ್ಮ ಅವರು ಬಾಗಿಲಿನಿಂದ ಕುರ್ಚಿಯ ತನಕ ನಡೆದು ಬಂದದ್ದನ್ನೇ ನೋಡುತ್ತಿದ್ದರು. ಬೆರಳುಗಳನ್ನು ಬೇಗಬೇಗ ತಟ್ಟಲು ಹೇಳಿದರು. ತೋಳು ಹಿಡಿದು ಮಡಿಸಿ ನೋಡಿದರು. ನಿದ್ದೆ, ವಾಸನೆ, ಮನಸ್ಸು ಎಲ್ಲ ಕೇಳಿದರು.

“ಒಂದು ಸಲ ನಗಿ ಅಮ್ಮ.”

ಅತ್ತೆ ಅವರನ್ನೇ ನೋಡುತ್ತ ಕೂತರು.

“ನಗಿ, ಪರವಾಗಿಲ್ಲ.”

“ನಗ್ತಾನೇ ಇದೀನಲ್ಲ,” ಎಂದರು ಅತ್ತೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಾಯಿಲೆಯ ಹೆಸರು ಪಾರ್ಕಿನ್ಸನ್ ಎಂದರು. ಕೈ ನಡುಗುವವರಿಗೇ ಬರುವುದು ಎಂದುಕೊಳ್ಳಬೇಡಿ, ಕೆಲವರಿಗೆ ನಡುಕವೇ ಇರುವುದಿಲ್ಲ, ಮೈ ಬಿಗಿಯುತ್ತದೆ, ಮುಖ ಮರಗಟ್ಟುತ್ತದೆ, ದನಿ ಇಳಿಯುತ್ತದೆ, ಎಂದು ನಿಧಾನವಾಗಿ ವಿವರಿಸಿದರು. ಮನಸ್ಸು ಕುಗ್ಗಿದ್ದೂ ಇದರದೇ ಕೈವಾಡವಿರಬಹುದು, ಎಷ್ಟೋ ಜನರಲ್ಲಿ ಅದೇ ಮೊದಲು ಬರುತ್ತದೆ ಎಂದರು. “ಮನೆಯಲ್ಲಿ ಜೊತೆಗೆ ಕೂತು ಮಾತಾಡ್ತೀರಾ? ಅದು ಬಹಳ ಮುಖ್ಯ,” ಎಂದು ನನ್ನ ಗಂಡನನ್ನು ಕೇಳಿದರು. ನನ್ನ ಗಂಡ ಗೋಡೆಯ ಮೇಲಿನ ನರಗಳ ಚಿತ್ರವನ್ನು ನೋಡತೊಡಗಿದರು.

ಮನೆಗೆ ಬಂದು ಮಗ ಅಪ್ಪನಿಗೆ ತುಟಿಯಲ್ಲಿ ಎಲ್ಲ ಹೇಳಿದರು. ಮಾವನಿಗೆ ಅರ್ಥವಾಗಲು ಎರಡೆರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಆ ಮನುಷ್ಯನ ಮುಖ ಹೂವಿನಂತೆ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಹೆಂಡತಿಗೆ ವಾಸಿಯಾಗದ ಕಾಯಿಲೆ ಎಂದು ತಿಳಿದು ಖುಷಿಪಟ್ಟ ಗಂಡನನ್ನು ನಾನು ಬೇರೆಲ್ಲೂ ನೋಡಿಲ್ಲ.

“ಹಾಗಾದರೆ ಸಿಟ್ಟಲ್ಲ!” ಎಂದು ಕೂಗಿದರು. “ನಿನಗೆ ನನ್ನ ಮೇಲೆ ಸಿಟ್ಟಿಲ್ಲ! ಬರೀ ಕಾಯಿಲೆ!”

ಅತ್ತೆ ಏನೂ ಹೇಳಲಿಲ್ಲ. ಹೇಳಬಹುದಿತ್ತು. ತಲೆ ಆಡಿಸಬಹುದಿತ್ತು, ಕೈ ಮುಟ್ಟಬಹುದಿತ್ತು. ಆ ಮುಖವನ್ನು ಹಾಗೇ ಅವರ ಮುಂದೆ ಹಿಡಿದು ಕೂತಿದ್ದರು. ಮಾವನ ಖುಷಿ ಸ್ವಲ್ಪ ಸ್ವಲ್ಪವೇ ಇಳಿಯಿತು. ಆಗ ಅವರಿಗೆ ಹೊಳೆದಿರಬೇಕು: ಗೊತ್ತಿಲ್ಲದವಳಿಗೆ ತಾನೇ ಕರೆದು ಕೂರಿಸಿ ಹೇಳಿಬಿಟ್ಟಿದ್ದೇನೆ ಎಂದು.

ಔಷಧಿ ಶುರುವಾಯಿತು. ಗುಳಿಗೆ ನುಂಗಿದ ಮೇಲೆ ಒಂದಷ್ಟು ಹೊತ್ತು ಮೈ ಸಡಿಲವಾಗುತ್ತಿತ್ತು. ತುಟಿಯ ತುದಿ ಏಳುತ್ತಿತ್ತು, ಹುಬ್ಬಿನಲ್ಲಿ ಹಳೆಯ ಗಿಳಿ ಇಣುಕುತ್ತಿತ್ತು. ಆಮೇಲೆ ಮತ್ತೆ ಬಿಗಿತ. ಮನಸ್ಸಿಗೆಂದು ಕೊಟ್ಟ ಗುಳಿಗೆಯಿಂದ ನಿದ್ದೆ ಸುಧಾರಿಸಿತು. ಬಹಳ ದಿನಗಳ ಮೇಲೆ ಅತ್ತೆ ಒಂದು ಆಸೆ ಹೇಳಿದರು.

“ಕೊಕ್ಕೆ ಮನೆಗೆ ಕರ್ಕೊಂಡು ಹೋಗು. ಮುಖ ಪೂರ್ತಿ ಹೋಗೋದ್ರೊಳಗೆ.”

“ನಾನು ಮೊದಲು ಹೋಗಿ ವಿಷಯ ತಿಳಿಸಿ ಬರ್ಲಾ ಅತ್ತೆ?”

“ಬೇಡ. ಮುಚ್ಚಿದವಳು ನಾನು. ನೀನು ಹೋಗಿ ಹೇಳಿದರೆ ಅವಳಿಗೆ ಅವಮಾನ. ನಾನೇ ಎದುರು ನಿಂತು ನಗ್ಬೇಕು. ಒಂದೇ ಒಂದು ನಗು ಕಣೆ. ಮಿಕ್ಕಿದ್ದು ಅವಳಿಗೆ ಅರ್ಥ ಆಗುತ್ತೆ.”

ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡಿದರು. ಔಷಧಿ ಹತ್ತಿದ ಹೊತ್ತಿನಲ್ಲಿ ನನ್ನನ್ನು ಎದುರು ಕೂರಿಸಿಕೊಂಡು “ಕಾಣುತ್ತಾ?” ಎನ್ನುತ್ತಿದ್ದರು. “ಕಾಣುತ್ತೆ” ಎಂದರೆ, “ಕೊಕ್ಕೆಗೆ ಕಾಣೋ ಅಷ್ಟಾ, ನಿನಗೆ ಕಾಣೋ ಅಷ್ಟಾ? ನಿನ್ನ ಕಣ್ಣು ಕಲಿತದ್ದಲ್ಲ” ಎಂದು ಹಂಗಿಸುತ್ತಿದ್ದರು. ಅವರು ಹಂಗಿಸಿದರೆ ನನಗೆ ಸಂತೋಷವಾಗುತ್ತಿತ್ತು.

ಕೊಕ್ಕೆ ಊರಿನ ಇನ್ನೊಂದು ತುದಿಯಲ್ಲಿ ಮಗಳ ಮನೆಯಲ್ಲಿದ್ದರು. ಗುಳಿಗೆಯ ಹೊತ್ತು ಲೆಕ್ಕ ಹಾಕಿ, ಬಸ್ಸು ಹತ್ತುವ ಮುಂಚೆ ನುಂಗಿಸಿ ಹೊರಟೆವು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಗಾಜಿನಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಇಳಿಯುವಾಗ ಕೆನ್ನೆ ಉಬ್ಬಿಸಿ ಕಂಡಕ್ಟರನನ್ನು ಕಣ್ಣಲ್ಲೇ ತೋರಿಸಿದರು. ಅವನು ದಪ್ಪಗಿದ್ದ. ನಾನು ಜೋರಾಗಿ ನಕ್ಕೆ.

ಮಗಳು ಬಾಗಿಲು ತೆಗೆದು, ಯಾರೆಂದು ಕೇಳಿ, ಕೂರಿಸಿದಳು. ಅಮ್ಮ ಸ್ನಾನಕ್ಕೆ ಹೋಗಿದ್ದಾರೆ, ಈಗ ಬರುತ್ತಾರೆ ಎಂದಳು. ಟೀ ಕೊಟ್ಟಳು. ಒಳಗೆ ನೀರಿನ ಸದ್ದು ನಡೆದೇ ಇತ್ತು. ಮುದುಕರ ಸ್ನಾನ. ನೀರು ನಿಂತ ಮೇಲೆ ಬಟ್ಟೆ ಉಡುವುದು, ತಲೆ ಒರೆಸುವುದು, ಬಾಚುವುದು. “ಯಾರೋ ಗಿರಣಿಯವರು ಅಂದೆ. ನೀಟಾಗಿ ಬರ್ತೀನಿ ಇರು ಅಂತಿದಾಳೆ,” ಎಂದು ಒಳಗೆ ಹೋಗಿ ಬಂದ ಮಗಳು ನಕ್ಕಳು. ನಾನು ಅತ್ತೆಯ ಮುಖ ನೋಡಿದೆ. ಟೀ ಕಪ್ಪನ್ನು ತಟ್ಟೆಗೆ ಇಡುವಾಗ ಕೈ ಬಿಗಿದಿತ್ತು. ಇನ್ನೊಂದು ಗುಳಿಗೆ ಚೀಲದಲ್ಲಿತ್ತು. ನುಂಗಿಸಿದೆ. ಅದು ಹತ್ತಬೇಕಾದರೂ ಹೊತ್ತು ಬೇಕಲ್ಲ.

ಕೊಕ್ಕೆ ಕೋಲೂರಿಕೊಂಡು ಹೊರಗೆ ಬಂದರು. ತೆಳ್ಳನೆಯ ಮೈ, ಒದ್ದೆ ಬಿಳಿ ಕೂದಲು, ಎಲ್ಲವನ್ನೂ ಹಿಡಿಯುವ ಕಣ್ಣು. ಅವರಿಗೂ ಕಿವಿ ಹೋಗಿತ್ತು. ಬಾಗಿಲಲ್ಲೇ ನಿಂತುಬಿಟ್ಟರು. ಅತ್ತೆ ನನ್ನ ತೋಳು ಹಿಡಿದು ಎದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತೆಯ ಕೈ ನನ್ನ ತೋಳನ್ನು ಹಿಸುಕುತ್ತಿತ್ತು. ಅವರು ತಮ್ಮ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ನಗುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಮುಖದ ಮೇಲೆ ಏನೂ ಇರಲಿಲ್ಲ.

“ಓಹೋ,” ಎಂದರು ಕೊಕ್ಕೆ, ಒಡಕು ದನಿಯಲ್ಲಿ. “ಸಾಯೋ ಮುಂಚೆ ಇನ್ನೊಂದ್ಸಲ ತೋರಿಸಿ ಹೋಗೋಣ ಅಂತ ಬಂದ್ಯಾ ಗಿಳಿ? ಒಂದ್ಸಲ ಸಾಕಾಗಿರಲಿಲ್ವಾ?”

ಅತ್ತೆಯ ತುಟಿ ಬಿರಿದು ಏನೋ ಹೇಳಿತು. ನನಗೇ ಸರಿಯಾಗಿ ಕೇಳಲಿಲ್ಲ. ನಾನು ಮುಂದೆ ಹೋಗಿ, ಕಾಯಿಲೆ, ಮುಖ ಮರಗಟ್ಟಿದೆ, ನಗುತ್ತಿದ್ದಾರೆ, ತಪ್ಪು ಮಾವನದು, ಅವರೇ ಸುಳ್ಳು ಹೇಳಿದ್ದು ಎಂದು ಬಡಬಡಿಸಿದೆ. ನನ್ನ ತುಟಿಯನ್ನು ಓದುವುದು ಅವರಿಗೆ ಕಷ್ಟವಾಯಿತು. ಮಗಳು ಪಕ್ಕ ಬಂದು ನಿಂತು ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದಳು. ಕೊಕ್ಕೆ ಎಲ್ಲವನ್ನೂ ಕಡೆಯ ತನಕ ನೋಡಿದರು.

“ಕಾಯಿಲೆ ಈಗ ಬಂದಿದ್ದು,” ಎಂದರು. “ಮುಖ ಮುಚ್ಚಿದ್ದು ಆಗ. ಆಗ ಯಾವ ಕಾಯಿಲೆ ಇತ್ತು? ಗಂಡ ಹೇಳಿದ, ಇವಳು ನಂಬಿದಳು. ನನ್ನನ್ನ ಒಂದು ಮಾತು ಕೇಳಲಿಲ್ಲ. ನಲ್ಲಿ ಹತ್ರ ನಾನು ಅಡ್ಡ ನಿಂತೆ, ಕೇಳು ಇವಳನ್ನ.”

“ಅಮ್ಮಾ, ಮನೆಗೆ ಬಂದಿದಾರೆ…” ಎಂದಳು ಮಗಳು.

“ಬಂದ್ರೆ ನಗ್ಬೇಕಿತ್ತು. ನಗೋಕೆ ಮುಖ ಇದ್ದಾಗ ಬರ್ಬೇಕಿತ್ತು.”

ಹಾಗೆಂದು, ಕೋಲೂರಿಕೊಂಡು, ಬೆನ್ನು ತಿರುಗಿಸಿ ಒಳಗೆ ಹೋದರು. ಮಗಳು ಅಳುಮುಖ ಮಾಡಿಕೊಂಡು ಕ್ಷಮೆ ಕೇಳಿದಳು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗ ಎರಡನೇ ಗುಳಿಗೆ ಹತ್ತಿತು. ಅತ್ತೆಯ ತುಟಿ ಸಡಿಲಾಯಿತು, ಗಲ್ಲ ಅದುರಿತು, ಕಣ್ಣಿಂದ ನೀರು ಸುರಿಯಿತು. ಎಷ್ಟೋ ತಿಂಗಳಿಂದ ಬಾರದೆ ಇದ್ದ ಅಳು. ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು.

“ಅವಳು ಹೇಳಿದ್ದು ಸರಿಯಾಗೇ ಇದೆ,” ಎಂದರು.

ಕೊಕ್ಕೆ ಆ ಚಳಿಗಾಲದಲ್ಲಿ ತೀರಿಕೊಂಡರು. ಮಗಳು ಹೇಳಿಕಳಿಸಿದಳು. ಅತ್ತೆ ಹೋಗಲಿಲ್ಲ.

ಈಗ ಮಾವ ಅವರ ಸೇವೆಗೆ ನಿಂತಿದ್ದಾರೆ. ಗುಂಡಿ ಹಾಕುತ್ತಾರೆ, ತಲೆ ಬಾಚುತ್ತಾರೆ, ಚಮಚದಿಂದ ಉಣಿಸುತ್ತಾರೆ. ದಿನಕ್ಕೊಮ್ಮೆಯಾದರೂ ಎದುರು ಕೂತು, ಹೆದರಿಕೊಂಡು ಕೇಳುತ್ತಾರೆ: “ಕಾಯಿಲೆ ತಾನೇ? ಸಿಟ್ಟಲ್ಲ ತಾನೇ?” ಅತ್ತೆ ಅವರನ್ನು ಗೋಡೆ ನೋಡುವಂತೆ ನೋಡುತ್ತಾರೆ. ಅದು ಎರಡರಲ್ಲಿ ಯಾವುದು ಎಂದು ಡಾಕ್ಟರಮ್ಮನೂ ಹೇಳಲಾರರು.

ನನಗೊಬ್ಬಳಿಗೆ ಗೊತ್ತು. ಗುಳಿಗೆ ನುಂಗಿಸಿ, ಅದು ಹತ್ತುವ ಹೊತ್ತಾಗುತ್ತಿದ್ದ ಹಾಗೆ ಅತ್ತೆ ನನ್ನ ಕೈ ತಟ್ಟುತ್ತಾರೆ. ಅವರನ್ನು ಎಬ್ಬಿಸಿ ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಬೇಕು. ಮುಖ ಸಡಿಲವಾಗಿರುವ ಅಷ್ಟೂ ಹೊತ್ತು ಅವರು ಅಲ್ಲಿ ಕೂರುತ್ತಾರೆ. ಕೆಳಗಿನ ಮನೆಯವಳ ವಿಷಯಕ್ಕೆ ನನ್ನೊಂದಿಗೆ ನಗುತ್ತಾರೆ ಕೂಡ. ಮಾವ ಹೊರಗೆ ಕಾದಿರುತ್ತಾರೆ. ಮತ್ತೆ ಬಿಗಿತ ಶುರುವಾದಾಗ ಅತ್ತೆ ಕೆನ್ನೆ ಮುಟ್ಟಿ ನೋಡಿಕೊಂಡು, “ಈಗ ಬಾಗಿಲು ತೆಗಿ,” ಎನ್ನುತ್ತಾರೆ.